ಬ್ಯಾಡಗಿಯ ಸಾವ್ಕಾರ್ತಿ

ಬ್ಯಾಡಗಿಯಲ್ಲಿ ಬಸ್ಸಿನಿಂದ ಇಳಿಯುವ ಪರವೂರಿನವರನ್ನು ಗುರುತಿಸುವುದು ಬಲು ಸುಲಭ. ಇಳಿದವರು ಮೊದಲು ಸೀನುತ್ತಾರೆ, ಆಮೇಲೆ ಕೆಮ್ಮುತ್ತಾರೆ, ಆಮೇಲೆ ಕರವಸ್ತ್ರ ಹುಡುಕುತ್ತಾರೆ. "ಏನ್ ಘಾಟ್ರೀ ಯಪ್ಪಾ ನಿಮ್ಮೂರಾಗ!" ಎಂದು ಅವರು ಕಣ್ಣೊರೆಸಿಕೊಂಡರೆ, ಕಟ್ಟೆಯ ಮೇಲೆ ಕುಳಿತ ಊರವರು "ಘಾಟ? ಎಲ್ಲೈತ್ರೀ?" ಎಂದು ಮೂಗೆತ್ತಿ ಗಾಳಿ ಎಳೆದು ತೋರಿಸಿ ನಗುತ್ತಾರೆ. ಅದು ಬಡಾಯಿ ಅಲ್ಲ. ಮೆಣಸಿನಕಾಯಿಯ ನಡುವೆಯೇ ಉಂಡು ಮಲಗುವ ಊರಿಗೆ ಅದರ ಘಾಟು ನಿಜವಾಗಿಯೂ ಗೊತ್ತಾಗುವುದಿಲ್ಲ. ಉಡಚವ್ವನಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಬಾಳಿನ ಕೊನೆಯ ಸಂಕಟವೆಲ್ಲ ಹುಟ್ಟಿದ್ದು ಇದೊಂದರಿಂದಲೇ ಎಂದರೆ ನೀವು ನಂಬಲಿಕ್ಕಿಲ್ಲ. ಇರಲಿ, ಕೇಳಿ.

ಉಡಚವ್ವ ಹುಟ್ಟಿದ್ದು ಕರ್ಜಗಿಯಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಬ್ಯಾಡಗಿ ಮಾರ್ಕೆಟ್ಟಿನ ಹಮಾಲ ಹನುಮಪ್ಪನ ಕೈಹಿಡಿದು ಬಂದಳು. ಮೊದಲ ವಾರ ಅವಳೂ ಸೀನಿ ಸೀನಿ ಸುಸ್ತಾದಳು. ಎರಡನೆಯ ವಾರ ಅತ್ತೆ ಅವಳನ್ನು ಒಂದು ಗೋದಾಮಿಗೆ ಕರೆದೊಯ್ದು, ಎದೆಮಟ್ಟದ ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸಿದಳು. ತುಂಬು ಬಿಡಿಸುವ ಕೆಲಸ. ಒಂದೊಂದೇ ಕಾಯಿ ಎತ್ತಿಕೊಂಡು ತೊಟ್ಟು ಮುರಿದು ಬೇರೆ ಮಾಡುವುದು, ಅಷ್ಟೇ. ಆವತ್ತು ಕುಳಿತವಳು ಮೂವತ್ತೇಳು ವರ್ಷ ಕುಳಿತೇ ಇದ್ದಳು. ಮೊದಮೊದಲು ಬೆರಳುಗಳು ಬೆಂಕಿ ಹತ್ತಿದ ಹಾಗೆ ಉರಿಯುತ್ತಿದ್ದವು, ಆಮೇಲೆ ಉರಿಯುವುದನ್ನೇ ಬಿಟ್ಟವು. ಆ ಉರಿಯೆಲ್ಲ ಇವಳ ನಾಲಿಗೆಗೆ ಏರಿದೆ ಎಂದು ಜೊತೆಯ ಹೆಂಗಸರು ನಗಾಡುತ್ತಿದ್ದರು. ಉಡಚವ್ವನ ಬಾಯಿ ಅಂದರೆ ಬಾಯಿ. ಗೋದಾಮಿನ ಮಾಲಕನೂ ಅವಳ ಎದುರು ಎರಡನೆಯ ಮಾತು ಆಡುತ್ತಿರಲಿಲ್ಲ.

ಹನುಮಪ್ಪ ಇದಕ್ಕೆ ತದ್ವಿರುದ್ಧ. ಬೆನ್ನ ಮೇಲೆ ಚೀಲ ಹೊತ್ತೂ ಹೊತ್ತೂ ಅವನ ಕುತ್ತಿಗೆ ಒಳಸರಿದಿತ್ತು, ಮಾತೂ ಅದರ ಜೊತೆ ಒಳಸರಿದಿತ್ತು. ಒಂದು ಸಂಜೆ ಅವನು ತಲೆಯ ರುಮಾಲನ್ನು ಗಂಟು ಕಟ್ಟಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದ. ಗಂಟಿನೊಳಗೆ ಏನೋ ಮಿಸುಕಾಡುತ್ತಿತ್ತು. ಬಿಚ್ಚಿದರೆ ಅಂಗೈಯಗಲದ ಬೆಕ್ಕಿನ ಮರಿ. ಅರ್ಧ ಮೂಗು ಕಪ್ಪು, ಅರ್ಧ ಬಿಳಿ.

"ಎಲ್ಲಿಂದ ತಂದೀರಿ ಇದನ್ನ?" ಎಂದು ಉಡಚವ್ವ ಹುಬ್ಬು ಗಂಟಿಕ್ಕಿದಳು.

"ಚೀಲದ ಸಂದ್ಯಾಗ ಕುಂತಿತ್ತು. ಸಾವ್ಕಾರ್ತಿ ನೋಡಿದು," ಎಂದ ಹನುಮಪ್ಪ. "ಜೀವಮಾನ ಎಲ್ಲಾ ಸಾವ್ಕಾರ್ರ ಚೀಲ ಹೊತ್ತೆ. ನಮ್ಮನ್ಯಾಗೂ ಒಬ್ಬಾಕಿ ಸಾವ್ಕಾರ್ತಿ ಇರ್ಲಿ."

"ಹೌದೌದು! ನಿಮ್ಮ ಸಾವ್ಕಾರ್ತಿಗೆ ದಿನಾ ಏನ್ ಹಾಕೂದು, ನನ್ನ ತಲಿ?"

ತಲೆ ಹಾಕಲಿಲ್ಲ, ಹಾಲು ಹಾಕಿದಳು. ಹೆಸರು ಸಾವ್ಕಾರ್ತಿ ಎಂದೇ ನಿಂತಿತು. ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಹುಟ್ಟಿದ ಅದು ಘಾಟಿನ ಮಟ್ಟಿಗೆ ಊರಿನವರ ಹಾಗೆಯೇ. ಉಡಚವ್ವ ಕೆಲಸದಿಂದ ಬಂದು ಸೀರೆ ಝಾಡಿಸಿದರೆ ಮನೆಗೆ ಬಂದ ನೆಂಟರು ಹೊರಗೆ ಓಡುತ್ತಿದ್ದರು, ಸಾವ್ಕಾರ್ತಿ ಮಾತ್ರ ಅದೇ ಸೀರೆಯ ಮೇಲೆ ಕುಳಿತು ಮೈ ನೆಕ್ಕಿಕೊಳ್ಳುತ್ತಿತ್ತು. ಸಂಜೆ ಆರರ ಹೊತ್ತಿಗೆ ಹೊಸ್ತಿಲ ಮೇಲೆ ಹೋಗಿ ಕೂರುವುದು ಅದರ ರೂಢಿ. ಹನುಮಪ್ಪ ಬರುವ ಹೊತ್ತು ಅದು.

ಮೂರು ವರ್ಷಗಳ ನಂತರ ಒಂದು ಗುರುವಾರ ಹನುಮಪ್ಪ ಬೆನ್ನ ಮೇಲಿನ ಚೀಲ ಇಳಿಸಿ, ಎದೆ ಹಿಡಿದುಕೊಂಡು ಅದೇ ಚೀಲಕ್ಕೆ ಒರಗಿ ಕುಳಿತ. ಮತ್ತೆ ಏಳಲಿಲ್ಲ. ದಿನಕರ್ಮ ಮುಗಿದು, ಬಂದವರೆಲ್ಲ ಹೋದ ಮೇಲೂ ಸಾವ್ಕಾರ್ತಿ ಆರು ಗಂಟೆಗೆ ಹೊಸ್ತಿಲ ಮೇಲೆ ಹೋಗಿ ಕೂರುತ್ತಿತ್ತು. "ಅವ್ರ ಇನ್ನ ಬರೂದಿಲ್ಲ, ಒಳಗ ಬಾ, ಮಳ್ಳಿ," ಎಂದು ಉಡಚವ್ವ ಒಲೆಯ ಮುಂದಿನಿಂದ ಕೂಗುವಳು. ಕೂಗಿ ಕೂಗಿ ಒಂದು ದಿನ ತಾನೂ ಹೋಗಿ ಅದರ ಪಕ್ಕದಲ್ಲಿ ಕುಳಿತಳು. ಗಂಡ ಸತ್ತಾಗ ಅಳದವಳು ಆವತ್ತು ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಅತ್ತಳು. ಅಂದಿನಿಂದ ಅವೆರಡು ಜೀವಗಳಿಗೆ ಒಂದೇ ಹಾಸಿಗೆ.

ಇಷ್ಟು ಜೀವ ಇಟ್ಟುಕೊಂಡವಳೇ ಒಂದು ದಿನ ಅದನ್ನು ಪರವೂರಿನಲ್ಲಿ ಬಿಟ್ಟು ಬಂದಳು. ಯಾಕೆ? ಮಗಳ ಸಲುವಾಗಿ, ಮೊಮ್ಮಗಳ ಸಲುವಾಗಿ.

ಮಗಳು ಜ್ಯೋತಿಲಕ್ಷ್ಮಿಯನ್ನು ರಾಣೆಬೆನ್ನೂರಿನ ಹತ್ತಿರದ ಹಲಗೇರಿಗೆ ಕೊಟ್ಟಿತ್ತು. ಕಳೆದ ಶ್ರಾವಣದಲ್ಲಿ ಅವಳು ಬಾಣಂತನಕ್ಕೆಂದು ತವರಿಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಹದಿನೈದು ದಿನಕ್ಕೆ ಕೂಸು ಕೆಮ್ಮತೊಡಗಿತು. ಉಸಿರಾಡಿದರೆ ಎದೆಯೊಳಗೆ ಗೊರಗೊರ ಸದ್ದು. ಹಲಗೇರಿಯಿಂದ ನೋಡಲು ಬಂದ ಬೀಗತಿ ತೊಟ್ಟಿಲ ಕೆಳಗೆ ಮಲಗಿದ್ದ ಸಾವ್ಕಾರ್ತಿಯನ್ನು ಕಂಡದ್ದೇ ತಡ, ಮುಖ ಕೆಂಪಗೆ ಮಾಡಿಕೊಂಡಳು.

"ಬೆಕ್ಕಿನ ಕೂದ್ಲಾ ಕೂಸಿನ ಮೂಗಿನ್ಯಾಗ ಹೋಗಾಕತ್ತಾವು, ನಿಮಗ ಕಾಣಸೂದಿಲ್ಲೇನು? ಇನ್ನ ನಾಕ ದಿನದಾಗ ಬೆಕ್ಕರ ಹೋಗಬೇಕು, ಇಲ್ಲಾ ನಮ್ಮ ಕೂಸು ನಮ್ಮೂರಿಗೆ ಬರಬೇಕು."

ಉಡಚವ್ವ ತಿರುಗಿಸಿ ಉತ್ತರ ಕೊಡದೆ ಸುಮ್ಮನಿದ್ದದ್ದು ಆ ಬೀದಿಯವರೆಲ್ಲ ಕಂಡ ಮಟ್ಟಿಗೆ ಅದೇ ಮೊದಲು. ಕೂಸಿನ ಉಸಿರಿನ ಪ್ರಶ್ನೆ.

ನಮ್ಮ ಕಡೆ ಬೆಕ್ಕನ್ನು ಬಿಟ್ಟು ಬರುವುದಕ್ಕೂ ಒಂದು ರೀತಿ ಇದೆ. ದಾರಿ ನೋಡಿಕೊಳ್ಳಬಾರದೆಂದು ಅದನ್ನು ಚೀಲದಲ್ಲಿ ಕಟ್ಟಿ ಒಯ್ಯುತ್ತಾರೆ. ಬಿಟ್ಟ ಮೇಲೆ ತಿರುಗಿ ನೋಡುವುದಿಲ್ಲ, ನೋಡಿದರೆ ಹಿಂದೆಯೇ ಬರುತ್ತದೆ ಎನ್ನುತ್ತಾರೆ. ಉಡಚವ್ವ ಎರಡನ್ನೂ ತಪ್ಪದೆ ಪಾಲಿಸಿದಳು. ಅವಳ ಮನೆಯಲ್ಲಿ ಇದ್ದದ್ದು ಒಂದೇ ಬಗೆಯ ಚೀಲ, ಗೋದಾಮಿನಿಂದ ತಂದ ಗೋಣಿಚೀಲ. ಅದನ್ನು ಬಚ್ಚಲ ಕಲ್ಲಿಗೆ ನಾಲ್ಕು ಸಲ ಬಡಿದಳು, ಒಳಗೆ ಮೂಗಿಟ್ಟು ನೋಡಿದಳು. ಏನೂ ವಾಸನೆ ಇರಲಿಲ್ಲ. ಸ್ವಚ್ಛ ಇದೆ ಎಂದುಕೊಂಡಳು.

ಪಕ್ಕದ ಓಣಿಯ ಇಸ್ಮಾಯಿಲಸಾಬನದು ಲಗೇಜ್ ಗಾಡಿ. ವಾರಕ್ಕೆ ಮೂರು ಸಲ ರಾಣೆಬೆನ್ನೂರಿಗೆ ಮಾಲು ಹಾಕಿಕೊಂಡು ಹೋಗುತ್ತಿದ್ದ. ಅವನ ಪಕ್ಕದಲ್ಲಿ ಉಡಚವ್ವ ಕುಳಿತಳು, ಬಾಯಿ ಕಟ್ಟಿದ ಚೀಲವನ್ನು ಹಿಂದೆ ಮಾಲಿನ ಮೇಲಿಟ್ಟರು. ಬಿಸಿಲು ಚುರುಗುಟ್ಟುತ್ತಿತ್ತು. ಮೋಟೆಬೆನ್ನೂರಿನಲ್ಲಿ ಇನ್ನೊಂದಿಷ್ಟು ಮಾಲು ಏರಿಸುತ್ತ ಮುಕ್ಕಾಲು ತಾಸು ಹೋಯಿತು. ಚೀಲದೊಳಗಿನ ಅರಚಾಟ ಮೊದಲು ಜೋರಾಗಿತ್ತು, ಆಮೇಲೆ ಸಣ್ಣಗಾಯಿತು. ಉಡಚವ್ವ ಕಿವಿಯ ಮೇಲೆ ಸೆರಗು ಎಳೆದುಕೊಂಡಳು. ರಾಣೆಬೆನ್ನೂರಿನ ಮಾರ್ಕೆಟ್ಟಿನ ಹಿಂದೆ, ಇಲಿಗೆ ಬರವಿಲ್ಲದ ಜಾಗ ನೋಡಿ, ಚೀಲದ ಬಾಯಿ ಬಿಚ್ಚಿ, ಪಕ್ಕದಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಇಟ್ಟು, ಬೆನ್ನು ತಿರುಗಿಸಿ ನಡೆದಳು. ಹಿಂದಿನಿಂದ ಒಂದು ಕೂಗು ಕೇಳಿತು. ಕರೆಯುತ್ತಿದೆ ಎಂದುಕೊಂಡಳು. ತಿರುಗಿ ನೋಡಲಿಲ್ಲ.

ಬೆಕ್ಕು ಹೋಯಿತು, ಕೆಮ್ಮು ಹೋಗಲಿಲ್ಲ. ಇನ್ನಷ್ಟು ಹೆಚ್ಚಾಯಿತು. ಗಾಬರಿಬಿದ್ದು ಹಾವೇರಿಗೆ, ಮಕ್ಕಳ ಡಾಕ್ಟರ ಹತ್ತಿರ ಒಯ್ದರು. ಉಡಚವ್ವ ಕೂಸನ್ನು ಮೇಜಿನ ಮೇಲೆ ಮಲಗಿಸಲು ಬಾಗಿದ್ದೇ ತಡ, ಡಾಕ್ಟರು ಎರಡು ಸಲ ಸೀನಿದರು.

"ಅಜ್ಜಿ, ಏನ್ ಕೆಲಸಾ ಮಾಡ್ತೀರಿ?"

"ಮೆಣಸಿನಕಾಯಿ ತುಂಬು ಬಿಡಸ್ತೀನ್ರಿ."

"ಅಲ್ಲಿಂದ ಬಂದು ಅದs ಸೀರಿಮ್ಯಾಲೆ ಕೂಸಿನ್ನ ಎತ್ಕೋತೀರಿ?"

"ಕೈ ತೊಳಕೊಂಡ ಎತ್ಕೋತೀನ್ರಿ. ಬೆಕ್ಕೊಂದು ಇತ್ರಿ, ಅದನ್ನೂ ಬಿಟ್ಟ ಬಂದೇನಿ."

"ಬೆಕ್ಕಿಂದಲ್ಲ ಇದು," ಎಂದು ಡಾಕ್ಟರು ಚೀಟಿ ಬರೆಯುತ್ತ ಹೇಳಿದರು. "ನಿಮ್ಮ ಸೀರಿ, ನಿಮ್ಮ ಕೂದ್ಲಾ, ನಿಮ್ಮ ಮನಿ ಗ್ವಾಡಿ, ಎಲ್ಲಾದ್ರಾಗೂ ಆ ಪುಡಿ ಕುಂತೈತಿ. ಕೂಸಿನ್ನ ಅಲ್ಲಿಂದ ಲಗೂ ಕಳಸ್ರಿ."

ಮರುದಿನವೇ ಜ್ಯೋತಿಲಕ್ಷ್ಮಿ ಕೂಸನ್ನು ಕಟ್ಟಿಕೊಂಡು ಹಲಗೇರಿಗೆ ಹೋದಳು. ಹೋಗುವಾಗ ಅಜ್ಜಿಯ ಕೈಗೆ ಕೂಸನ್ನು ಕೊಡಲಿಲ್ಲ. ಅದರಲ್ಲಿ ಸಿಟ್ಟೇನಿರಲಿಲ್ಲ, ಹೆದರಿಕೆ ಇತ್ತು. ಮನೆಯಲ್ಲಿ ಬರಿದಾದ ತೊಟ್ಟಿಲು, ಬರಿದಾದ ಹೊಸ್ತಿಲು. ತಪ್ಪಿಲ್ಲದ ಪ್ರಾಣಿಯನ್ನು ಬಿಟ್ಟು ಬಂದೆನಲ್ಲ ಎಂದು ಅವಳು ಎದೆ ಎದೆ ಬಡಿದುಕೊಂಡಳು. ಇಸ್ಮಾಯಿಲಸಾಬನ ಗಾಡಿ ಹತ್ತಿ ರಾಣೆಬೆನ್ನೂರಿನ ಮಾರ್ಕೆಟ್ಟಿನ ಹಿಂದೆ ಮೂರು ಸಲ ಹುಡುಕಿ ಬಂದಳು. "ಸಾವ್ಕಾರ್ತೀ, ಸಾವ್ಕಾರ್ತೀ" ಎಂದು ಕೂಗುತ್ತ ತಿರುಗುವ ಹೆಂಗಸನ್ನು ನೋಡಿ ಅಲ್ಲಿಯ ಅಂಗಡಿಯವರು, ಯಾರೋ ಸಾಹುಕಾರರ ಹೆಂಡತಿ ಕಳೆದುಹೋಗಿದ್ದಾಳೆಂದು ತಿಳಿದರು.

ದೀಪಾವಳಿಗೆ ಎಂಟು ದಿನ ಇರುವಾಗ ಇಸ್ಮಾಯಿಲಸಾಬ ಮೊಬೈಲು ಹಿಡಿದುಕೊಂಡು ಬಂದ.

"ಉಡಚಕ್ಕಾ, ಸ್ವಲ್ಪ ಇದನ್ನ ನೋಡ ಬಾ. ರಾಣೆಬೆನ್ನೂರಾಗ ಒಬ್ರು ಅಕ್ಕಾರು ಬೀದಿ ನಾಯಿ ಬೆಕ್ಕು ಎಲ್ಲಾ ತಂದು ಜ್ವಾಪಾನಾ ಮಾಡ್ತಾರಂತ. ಸಾಕವ್ರಿದ್ರ ಬಂದು ಒಯ್ರಿ ಅಂತ ಫೋಟೋ ಹಾಕ್ಯಾರ."

ಫೋಟೋದಲ್ಲಿ ಮೂಳೆ ಚಕ್ಕಳವಾದ ಒಂದು ಬೆಕ್ಕು. ಎರಡು ಕಣ್ಣಿನ ಜಾಗದಲ್ಲೂ ಹೊಲಿಗೆಯ ಗುರುತು. ಆದರೆ ಅರ್ಧ ಮೂಗು ಕಪ್ಪು, ಅರ್ಧ ಬಿಳಿ. ಉಡಚವ್ವ ಮೊಬೈಲಿನ ಗಾಜನ್ನು ಬೆರಳಿನಿಂದ ಸವರಿದಳು.

"ಇದರ ಕಣ್ಣಿಗೆ ಏನಾಗೇತೋ ಯಪ್ಪಾ? ನಾಯಿ ಕಚ್ಚೇತೇನೋ?"

"ಕಣ್ಣಿಲ್ಲ ಅಂತಷ್ಟ ಬರದಾರ," ಎಂದ ಇಸ್ಮಾಯಿಲಸಾಬ. ಫೋಟೋದ ಕೆಳಗೆ ಬರೆದದ್ದನ್ನು ಪೂರ್ತಿ ಓದದೆ ಮೊಬೈಲನ್ನು ಕಿಸೆಗೆ ಇಳಿಸಿದ. ಆವತ್ತು ಚೀಲ ಇಳಿಸಿಕೊಟ್ಟವನು ಅವನೇ ಅಲ್ಲವೇ.

ಆ ಭಾನುವಾರ ಉಡಚವ್ವ ಕಡಲೆಹಿಟ್ಟು ಹಚ್ಚಿ ಮೈ ತಿಕ್ಕಿಕೊಂಡು ಸ್ನಾನ ಮಾಡಿ, ಟ್ರಂಕಿನ ಅಡಿಯ ಸೀರೆ ಉಟ್ಟು ಹೊರಟಳು. ಆಶ್ರಯದ ಜಾಗ ಹಲಗೇರಿ ರಸ್ತೆಯಲ್ಲಿ, ಊರ ಹೊರಗೆ. ತಗಡಿನ ಶೆಡ್ಡುಗಳು, ಜಾಲರಿ ಹಾಕಿದ ಕೋಣೆಗಳು. ನಡೆಸುವವಳು ಹರಿಪ್ರಿಯಾ, ಕಾಲೇಜಿನಲ್ಲಿ ಪಾಠ ಮಾಡುವವಳು. ತಂದೆ ಬಿಟ್ಟುಹೋದ ಜಾಗದಲ್ಲಿ ಮನೆ ಕಟ್ಟುವುದು ಬಿಟ್ಟು ಕುಂಟ ನಾಯಿಗಳನ್ನು ಕಟ್ಟಿಕೊಂಡಿದ್ದಾಳೆ ಎಂದು ಬಂಧುಗಳು ಆಡಿಕೊಳ್ಳುತ್ತಿದ್ದರು, ಅವಳು ಅದನ್ನು ಕಿವಿಗೆ ಹಾಕಿಕೊಂಡವಳಲ್ಲ. ಬೆಕ್ಕು ಬೇಕು ಎಂದು ಬಂದವರಿಗೆಲ್ಲ ಎತ್ತಿ ಕೊಡುವವಳೂ ಅಲ್ಲ. ಒಂದು ಫಾರ್ಮು ಇಟ್ಟುಕೊಂಡು ಎದುರು ಕುಳಿತು, ಕೇಳಿ ಕೇಳಿ ತಾನೇ ಬರೆದುಕೊಳ್ಳುತ್ತಿದ್ದಳು.

"ಕುಂದ್ರಿ ಅವ್ವಾರ. ಮನ್ಯಾಗ ಎಷ್ಟ ಮಂದಿ ಇರ್ತೀರಿ?"

"ಒಬ್ಬಾಕೇನ ರಿ."

"ಇದಕ್ಕ ಮೊದ್ಲ ಬೆಕ್ಕು ಸಾಕಿದ್ರೇನು? ಸಾಕಿದ್ರ ಅದು ಏನಾತು?"

ಇಷ್ಟು ಸರಳ ಪ್ರಶ್ನೆಗೆ ಉಡಚವ್ವ ತಡಬಡಿಸಿದಳು. ಬಿಟ್ಟು ಬಂದೆ ಎಂದರೆ ಕೊಡುತ್ತಾರೆಯೇ? ಮೂವತ್ತೇಳು ವರ್ಷ ಯಾರಿಗೂ ಅಂಜದ ಬಾಯಿ ಸುಳ್ಳು ಹೇಳಿತು.

"ಇಲ್ರಿ ಅಕ್ಕಾರ. ಸಾಕಿದ್ದಿಲ್ಲ."

ಹರಿಪ್ರಿಯಾ ಹಾಗೆಯೇ ಬರೆದುಕೊಂಡಳು. "ಇದು ಕಣ್ಣಿಲ್ಲದ್ದದ, ನೋಡ್ರಿ. ಗೊತ್ತಿರಲಿ ಅಂತ ಮೊದ್ಲs ಹೇಳ್ತೀನಿ. ಯಾರೋ ಪುಣ್ಯಾತ್ಮರು ಮೆಣಸಿನಕಾಯಿ ಚೀಲದಾಗ ಇದನ್ನ ಕಟ್ಟಿ ತಂದು ಮಾರ್ಕೆಟ್ಟಿನ ಹಿಂದ ಒಗದು ಹೋಗಿದ್ರು. ಖಾಲಿ ಚೀಲ ಅಂತ ಅನ್ಕೊಂಡಿರಬೇಕು. ಅದರ ಹೆಣಿಗಿ ಒಳಗೆಲ್ಲ ಪುಡಿ ಕೂತಿರ್ತದ. ಬಿಸಲಾಗ ಒದ್ದಾಡಿ ಒದ್ದಾಡಿ ಅದೆಲ್ಲಾ ಎದ್ದು ಕಣ್ಣಿನ್ಯಾಗ ಹೋಗ್ಯದ. ಉರಿ ತಡೀಲಾರದ ತನ್ನ ಉಗುರಿಲೆ ತಾನs ಕಣ್ಣು ಕೆರಕೊಂಡದ. ನಮಗ ಸಿಗೂದರಾಗ ಹುಳಾ ಬಿದ್ದಿದ್ವು."

ಉಡಚವ್ವನಿಗೆ ಆವತ್ತಿನ ಆ ಕೂಗು ನೆನಪಾಯಿತು. ಕರೆಯುತ್ತಿದೆ ಎಂದುಕೊಂಡಿದ್ದಳಲ್ಲ, ಅದು ಕರೆದದ್ದಲ್ಲ.

"ನೋಡ್ತೀರೇನು? ಎರಡ ತಿಂಗಳಾತು, ಯಾರ ಹಂತ್ಯಾಕೂ ಬರೂದಿಲ್ಲ ಅದು. ಅಲ್ಲೇ ಮೂಲ್ಯಾಗ ಕೂತಿರ್ತದ," ಎನ್ನುತ್ತ ಹರಿಪ್ರಿಯಾ ಜಾಲರಿಯ ಬಾಗಿಲು ತೆರೆದಳು.

ಸಾವ್ಕಾರ್ತಿ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕುಳಿತಿತ್ತು. ನೋಡಿದ್ದೇ ಉಡಚವ್ವ ತನ್ನನ್ನು ತಾನು ಮರೆತಳು. ಫಾರ್ಮು, ಸುಳ್ಳು, ಎಲ್ಲ ಮರೆತುಹೋಯಿತು. "ಸಾವ್ಕಾರ್ತೀ..." ಎಂದಳು, ಹೊಸ್ತಿಲ ಮೇಲಿದ್ದುದನ್ನು ಒಲೆಯ ಮುಂದಿನಿಂದ ಕರೆಯುತ್ತಿದ್ದ ಅದೇ ರಾಗದಲ್ಲಿ.

ಬೆಕ್ಕಿನ ಕಿವಿಗಳು ನಿಮಿರಿದವು. ಎದ್ದಿತು. ಗೋಡೆಗೆ ಒಮ್ಮೆ, ನೀರಿನ ಬಟ್ಟಲಿಗೆ ಒಮ್ಮೆ ಬಡಿದುಕೊಳ್ಳುತ್ತ ಬಂದು ಅವಳ ಮೊಣಕಾಲಿಗೆ ತಲೆ ತಿಕ್ಕಿತು. ಹರಿಪ್ರಿಯಾ ಬೆರಗಾಗಿ ನೋಡುತ್ತಲೇ ಇದ್ದಳು. ಉಡಚವ್ವ ಬೆನ್ನು ಸವರಬೇಕೆಂದು ಕೈ ಚಾಚಿದಳು. ಕೈ ಮೂಗಿನ ಹತ್ತಿರ ಬಂದದ್ದೇ ತಡ, ಬೆಕ್ಕು ಮೈಯೆಲ್ಲ ಸೆಟೆದು, ಕಿರುಚಿ, ಹಿಂದಕ್ಕೆ ಹಾರಿ ಗೋಡೆಗೆ ಅಪ್ಪಳಿಸಿ ಬಿದ್ದಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಇಲ್ಲದ ಕಣ್ಣುಗಳನ್ನು ಮುಂಗಾಲಿನಿಂದ ಉಜ್ಜಿಕೊಳ್ಳತೊಡಗಿತು.

ಉಡಚವ್ವ ತನ್ನ ಕೈ ಮೂಸಿ ನೋಡಿಕೊಂಡಳು. ಕಡಲೆಹಿಟ್ಟಿನ ವಾಸನೆ ಬಿಟ್ಟರೆ ಅವಳಿಗೆ ಏನೂ ತಿಳಿಯಲಿಲ್ಲ.

"ಯಾರ ಹಂತ್ಯಾಕೂ ಬರದ್ದು, ನೀವು ಕರದ ಹೆಸರಿಗೆ ಹ್ಯಾಂಗ ಬಂತು?" ಎಂದು ಹರಿಪ್ರಿಯಾ ಮೆಲ್ಲಗೆ ಕೇಳಿದಳು.

"ಆ ಚೀಲ ಕಟ್ಟಿದಾಕಿ ನಾನ ರಿ ಅಕ್ಕಾರ," ಎಂದಳು ಉಡಚವ್ವ. "ಝಾಡಿಸಿ ಬಡದು ಕಟ್ಟಿದ್ದೆ ರಿ. ಮೂಗಿಟ್ಟು ನೋಡಿದ್ದೆ. ನಮ್ಮ ಮೂಗಿಗೆ ತಿಳಿಯೂದಿಲ್ರಿ ಅದು. ನನ್ನ ಗಂಡ ಎದಿಮ್ಯಾಲೆ ಹಾಕ್ಕೊಂಡು ಸಾಕಿದ್ದ ಬೆಕ್ಕು ರಿ. ನಾನs ಅದರ ಕಣ್ಣ ಕಳದೇನಿ."

ಹರಿಪ್ರಿಯಾಳ ಮುಖ ಕೆಂಪೇರುತ್ತ ಹೋಯಿತು. ಬರೆದಿದ್ದ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಹಿಚುಕಿದಳು.

"ಎದ್ದು ನಡೀರಿ. ಇನ್ನೊಂದ ಮಾತು ಆಡಿಸಬ್ಯಾಡ್ರಿ ನನ್ನ ಕಡಿಂದ."

ಉಡಚವ್ವ ಎದ್ದು ನಡೆದಳು. ಹನ್ನೆರಡು ದಿನಗಳ ನಂತರ ಇಸ್ಮಾಯಿಲಸಾಬನ ಮೊಬೈಲಿಗೆ ಹರಿಪ್ರಿಯಾಳ ಫೋನು ಬಂತು. ಅವನು ಗಾಡಿ ನಿಲ್ಲಿಸಿ ಓಡಿ ಬಂದು ಉಡಚವ್ವನ ಕಿವಿಗೆ ಹಿಡಿದ.

"ನಿಮ್ಮನ್ನ ನಾ ಮಾಫ್ ಮಾಡಿಲ್ಲ, ಅದು ತಿಳಕೋರಿ," ಎಂದಳು ಹರಿಪ್ರಿಯಾ. "ನೀವು ಹೋದ ದಿನದಿಂದ ಅದು ಬಾಗ್ಲ ಕಡೆ ಮಾರಿ ಮಾಡಿ ಕೂಡ್ತದ. ಸರಿಯಾಗಿ ತಿನ್ನವಲ್ದು. ನಿಮ್ಮ ಧ್ವನಿ ಬೇಕು ಅದಕ್ಕ, ನಿಮ್ಮ ಕೈ ಬ್ಯಾಡ. ಮೂರು ತಿಂಗಳು ಮೆಣಸಿನಕಾಯಿ ಮುಟ್ಟದs ಇದ್ದು ಬರ್ತೀರೇನು? ಆವಾಗ ಅದು ನಿಮ್ಮ ಕೈ ಒಪ್ಪಿದ್ರ ಕೊಡ್ತೀನಿ. ಒಪ್ಪಲಿಲ್ಲಂದ್ರ ಮುಗೀತು."

ಬ್ಯಾಡಗಿಯ ಬಡ ಹೆಂಗಸಿಗೆ ಮೆಣಸಿನಕಾಯಿ ಮುಟ್ಟದೆ ಇರು ಅಂದರೆ ನೀರು ಮುಟ್ಟದೆ ಇರು ಅಂದ ಹಾಗೆ. ಉಡಚವ್ವ "ಹೂಂ" ಅಂದಳು. ಗೋದಾಮು ಬಿಟ್ಟಳು. ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ನಿಂತಳು, ಪಲ್ಯ ಒಗ್ಗರಣೆಯ ಕಡೆ ತಲೆ ಹಾಕುವುದಿಲ್ಲ ಎಂಬ ಕರಾರಿನ ಮೇಲೆ. ಮನೆಯ ಗೋಡೆ ತೊಳೆದು ಸುಣ್ಣ ಬಳಿದಳು. ಗೋಣಿಚೀಲಗಳನ್ನೆಲ್ಲ ಹೊರಗೆ ಹಾಕಿದಳು. ಖಾರವಿಲ್ಲದ ಸಪ್ಪೆ ಸಾರು ಉಂಡಳು. ಉಡಚವ್ವನಿಗೆ ತಲೆ ಕೆಟ್ಟಿದೆ ಎಂದು ಓಣಿಯವರು ಆಡಿಕೊಂಡರೂ ತಿರುಗಿಸಿ ಬಯ್ಯಲಿಲ್ಲ.

ಚುಚ್ಚಿದ್ದು ಮಗಳ ಮಾತು. ಸುದ್ದಿ ಕೇಳಿ ಜ್ಯೋತಿಲಕ್ಷ್ಮಿ ಇಸ್ಮಾಯಿಲಸಾಬನ ಫೋನಿಗೇ ಕರೆ ಮಾಡಿದಳು. "ಬೆಕ್ಕಿನ ಸಲುವಾಗಿ ಕೆಲಸಾ ಬಿಟ್ಟೀಯಂತಲ್ಲವಾ. ನನ್ನ ಕೂಸಿನ ಸಲುವಾಗಿ ಬಿಡು ಅಂದಿದ್ರ ಬಿಡ್ತಿದ್ದೇನು?"

"ನೀ ಅನ್ನಲಿಲ್ಲವಾ, ಹೊಂಟ ಹೋದಿ," ಎಂದಷ್ಟೇ ಅಂದಳು ಉಡಚವ್ವ. ಆದರೆ ಆ ಮಾತು ರೊಟ್ಟಿ ಬಡಿಯುವಾಗಲೆಲ್ಲ ಕೊರೆಯುತ್ತಿತ್ತು, ಏಕೆಂದರೆ ಅದು ಖರೇ ಇತ್ತು. ಸಂಕ್ರಾಂತಿಗೆ ಹಲಗೇರಿಗೆ ಹೋದಾಗ ಜ್ಯೋತಿಲಕ್ಷ್ಮಿ ತಾನಾಗಿಯೇ ಕೂಸನ್ನು ತಾಯಿಯ ತೊಡೆಯ ಮೇಲೆ ಹಾಕಿದಳು. ಕೂಸು ಕೆಮ್ಮಲಿಲ್ಲ, ಅಜ್ಜಿಯ ಬೆರಳು ಹಿಡಿದುಕೊಂಡು ನಿದ್ದೆಹೋಯಿತು. ಎಷ್ಟೋ ತಿಂಗಳ ನಂತರ ಉಡಚವ್ವ ಹೊಟ್ಟೆ ತುಂಬ ಉಂಡಳು.

ಫೆಬ್ರವರಿಯ ಎರಡನೆಯ ಭಾನುವಾರ ಇಸ್ಮಾಯಿಲಸಾಬನ ಗಾಡಿಯಲ್ಲಿ ರಾಣೆಬೆನ್ನೂರಿಗೆ ಹೋದಳು. ಪಕ್ಕದಲ್ಲಿ ಬಿದಿರಿನ ಬುಟ್ಟಿ, ಅದರೊಳಗೆ ಹನುಮಪ್ಪನ ಹಳೆಯ ರುಮಾಲು, ಏಳು ಸಲ ಒಗೆದದ್ದು. ಹರಿಪ್ರಿಯಾ ಅವಳಿಗೆ ಅಲ್ಲೇ ಬಚ್ಚಲಲ್ಲಿ ಸ್ನಾನ ಮಾಡಿಸಿ, ತನ್ನದೊಂದು ಸೀರೆ ಉಡಲು ಕೊಟ್ಟಳು. ಆಮೇಲೆ ಉಡಚವ್ವ ಜಾಲರಿಯೊಳಗೆ ಕುಳಿತು ಕರೆದಳು. ಸಾವ್ಕಾರ್ತಿ ಬಂತು. ಅವಳು ಕೈಯನ್ನು ನೆಲದ ಮೇಲಿಟ್ಟು ಉಸಿರು ಹಿಡಿದಳು. ಬೆಕ್ಕು ಮೂಸಿತು. ಒಂದೊಂದೇ ಬೆರಳನ್ನು ಮೂಸಿತು. ಆಮೇಲೆ ಆ ಕೈಯ ಮೇಲೆಯೇ ಗದ್ದ ಇಟ್ಟುಕೊಂಡು ಗುರುಗುಟ್ಟತೊಡಗಿತು.

ಉಡಚವ್ವ ಬಿಕ್ಕಿ ಬಿಕ್ಕಿ ಅತ್ತಳು. ಹರಿಪ್ರಿಯಾಳೂ ಕಣ್ಣೊರೆಸಿಕೊಂಡು ಹೊಸ ಫಾರ್ಮು ತಂದಳು. "ಇದಕ್ಕ ಮೊದ್ಲ ಬೆಕ್ಕು ಸಾಕಿದ್ರೇನು?" ಎಂದು ಕೇಳಿದಾಗ ಉಡಚವ್ವ ಇದ್ದದ್ದನ್ನು ಇದ್ದ ಹಾಗೆ ಬರೆಸಿ, ಅಡಿಯಲ್ಲಿ ಸಹಿ ಮಾಡಿದಳು.

ದಾರಿಯುದ್ದಕ್ಕೂ ಬುಟ್ಟಿ ಅವಳ ತೊಡೆಯ ಮೇಲಿತ್ತು. ಬೆಕ್ಕು ರುಮಾಲಿನಲ್ಲಿ ಮೂಗು ಹುದುಗಿಸಿ ಮಲಗಿತ್ತು. "ಮನಿಗೆ ಹೊಂಟೇವಿ ನೋಡು, ನಿನ್ನ ಹೊಸ್ತಿಲಾ ಹಂಗs ಐತಿ," ಎಂದು ಉಡಚವ್ವ ಹೇಳುತ್ತಲೇ ಇದ್ದಳು. ಇಸ್ಮಾಯಿಲಸಾಬ, "ನನಗಿಂತಾ ಆ ಬೆಕ್ಕಿಗೇ ಮರ್ಯಾದಿ ಜಾಸ್ತಿ," ಎಂದು ಚೇಷ್ಟೆ ಮಾಡಿದ.

ಹೆದ್ದಾರಿ ಬಿಟ್ಟು ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಕಡೆ ತಿರುಗಿದರು. ಸುಗ್ಗಿ ಕಾಲ. ಸೋಮವಾರದ ಪೇಟೆಗೆಂದು ಲಾರಿಗಳು ರಸ್ತೆಯ ಎರಡೂ ಬದಿ ಸಾಲುಗಟ್ಟಿ ನಿಂತಿದ್ದವು, ಒಂದೊಂದರಲ್ಲೂ ಮುಗಿಲೆತ್ತರ ಕೆಂಪು ಚೀಲ. ಗಾಳಿ ಎದುರಿನಿಂದ ಬೀಸುತ್ತಿತ್ತು. ಬುಟ್ಟಿಯೊಳಗೆ ಬೆಕ್ಕು ಒಮ್ಮೆಲೇ ಎದ್ದು ನಿಂತಿತು. ಆಮೇಲೆ ಅರಚಿತು. ಆವತ್ತು ಮಾರ್ಕೆಟ್ಟಿನ ಹಿಂದೆ ಕೇಳಿದ ಅದೇ ಕೂಗು. ಮುಚ್ಚಳಕ್ಕೆ ತಲೆ ಬಡಿಯಿತು, ಹೊಲಿದ ಕಣ್ಣುಗಳನ್ನು ಉಗುರಿನಿಂದ ಪರಚತೊಡಗಿತು. ಹಳೆಯ ಗಾಯದಲ್ಲಿ ರಕ್ತ ಜಿನುಗಿ ಹನುಮಪ್ಪನ ರುಮಾಲಿಗೆ ಹತ್ತಿತು.

"ಏನಾತು ಇದಕ್ಕ?" ಇಸ್ಮಾಯಿಲಸಾಬ ಗಾಬರಿಯಾದ. "ಘಾಟs ಇಲ್ಲಲ್ಲ ಉಡಚಕ್ಕಾ. ನನಗೇನೂ ಬರವಲ್ದು."

ಉಡಚವ್ವ ಗಾಡಿಯಿಂದ ಮುಖ ಹೊರಗೆ ಹಾಕಿ ಗಾಳಿ ಎಳೆದಳು. ಮತ್ತೊಮ್ಮೆ ಎಳೆದಳು. ಏನೂ ಇರಲಿಲ್ಲ. ತಣ್ಣನೆಯ ಸಂಜೆಯ ಗಾಳಿ, ಅಷ್ಟೇ. ಕೈ ತೊಳೆದಿದ್ದಳು, ಗೋಡೆ ತೊಳೆದಿದ್ದಳು, ಊರನ್ನು ತೊಳೆಯಬೇಕಾಗುತ್ತದೆ ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ.

"ಇನ್ನ ಹತ್ತ ನಿಮಿಷ. ಮನ್ಯಾಗ ಹೊಕ್ಕು ಬಾಗ್ಲಾ ಹಾಕಿದ್ರ ಸುಮ್ಮನಾಕ್ಕೈತಿ. ನಾಕ ದಿನಕ್ಕ ರೂಢಿ ಆಗತೈತಿ ಬಿಡು," ಎಂದ ಅವನು.

"ಗಾಡಿ ಹೊಳ್ಳಿಸು."

"ಉಡಚಕ್ಕಾ..."

"ಹೊಳ್ಳಿಸಂದ್ನೆಪಾ! ಒಮ್ಮಿ ಕೇಳದಂಗ ಕುಂತಿದ್ದೆ. ಇನ್ನೊಮ್ಮಿ ಕುಂದ್ರೂದಿಲ್ಲ."

ಹೆದ್ದಾರಿಗೆ ಬಂದು ನಾಲ್ಕು ಮೈಲಿ ಹೋದ ಮೇಲೆ ಬುಟ್ಟಿ ಶಾಂತವಾಯಿತು. ನೀನೇ ಹೋಗಿ ರಾಣೆಬೆನ್ನೂರಿನಲ್ಲಿ ಇದ್ದುಬಿಡು ಎಂದು ಇಸ್ಮಾಯಿಲಸಾಬ ಹೇಳಿ ನೋಡಿದ. ಹನುಮಪ್ಪ ಬೆನ್ನು ಮುರಿದುಕೊಂಡು ಕಟ್ಟಿಸಿದ ಎರಡು ಕೋಣೆ ಬಿಟ್ಟರೆ ಅವಳಿಗೆ ಈ ಲೋಕದಲ್ಲಿ ಬೇರೆ ಸೂರಿರಲಿಲ್ಲ. ಅವಳು ಬೆಕ್ಕಿನ ತಲೆಯ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ.

ಗೇಟು ತೆರೆದ ಹರಿಪ್ರಿಯಾ ರುಮಾಲಿನ ಮೇಲಿನ ರಕ್ತ ನೋಡಿ, ಬದಿಗೆ ಸರಿದು ದಾರಿ ಬಿಟ್ಟಳು. ಉಡಚವ್ವ ತಾನೇ ಜಾಲರಿಯೊಳಗೆ ಹೋಗಿ ಬುಟ್ಟಿಯನ್ನು ಮೂಲೆಯಲ್ಲಿ ಇಳಿಸಿ, ಸಾವ್ಕಾರ್ತಿಯನ್ನು ರುಮಾಲಿನ ಸಮೇತ ಅಲ್ಲಿ ಮಲಗಿಸಿದಳು. "ಫಾರ್ಮಿನ್ಯಾಗ ನನ್ನ ಹೆಸರು ಹಂಗs ಇರ್ಲಿ ಅಕ್ಕಾರ," ಎಂದಳು. ಹರಿಪ್ರಿಯಾ ಅವಳ ಕೈ ಹಿಡಿದುಕೊಂಡು ತಲೆಯಾಡಿಸಿದಳು.

ಹೊರಗೆ ಬಂದು ಹತ್ತು ಹೆಜ್ಜೆ ನಡೆದವಳು ನಿಂತಳು. ತಿರುಗಿ ನೋಡಬಾರದು ಎಂಬುದು ನೆನಪಿತ್ತು. ತಿರುಗಿ ನೋಡಿದಳು. ಜಾಲರಿಯ ಹಿಂದೆ ಸಾವ್ಕಾರ್ತಿ ಎದ್ದು ಕುಳಿತು, ಅವಳ ಚಪ್ಪಲಿಯ ಸಪ್ಪಳ ಹೋದ ಕಡೆ ಕಿವಿ ನಿಮಿರಿಸಿತ್ತು. ಒಮ್ಮೆ ಹೆಸರು ಹಿಡಿದು ಕರೆದರೆ ಸಾಕು, ಬಡಿದುಕೊಳ್ಳುತ್ತ ಬಂದೇ ಬರುತ್ತದೆ. ಉಡಚವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಬರಿಗಾಲಲ್ಲಿ ಗಾಡಿಯ ಕಡೆ ನಡೆದಳು.